ಒಂದೇ ಲ್ಯಾಪ್‌ಟಾಪ್, ಮೂರು ನೋಡ್: ಕಂಟೇನರ್‌ನೊಳಗಿನ ಬ್ಲಾಕ್‌ಚೈನ್ ಏನನ್ನು ಸಾಬೀತು ಮಾಡುತ್ತದೆ?

2025ರ ಫೆಬ್ರುವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯ ವ್ಯಾಲೆಟ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ (ಈಥೀರಿಯಂ ಎಂಬ ಬ್ಲಾಕ್‌ಚೈನ್‌ನ ನಾಣ್ಯ) ಕಳುವಾಯಿತು. ಅಂದಿನ ದರದಲ್ಲಿ ಅದು ಸುಮಾರು 13,000 ಕೋಟಿ ರೂಪಾಯಿ. ಅಮೆರಿಕದ ಎಫ್‌ಬಿಐ ಕೆಲವೇ ದಿನಗಳಲ್ಲಿ ಉತ್ತರ ಕೊರಿಯಾದತ್ತ ಬೆರಳು ತೋರಿಸಿತು. ಇಷ್ಟರಮಟ್ಟಿಗೆ ಸುದ್ದಿ ಎಲ್ಲರಿಗೂ ಅರ್ಥವಾಗುವಂತೆಯೇ ಇತ್ತು. ಗೊಂದಲ ಹುಟ್ಟಿದ್ದು ಮಾರ್ಚ್ ಮೊದಲ ವಾರದಲ್ಲಿ, ಆ ವ್ಯಾಲೆಟ್‌ನ ತಂತ್ರಾಂಶ ಒದಗಿಸಿದ್ದ ಸೇಫ್ ಸಂಸ್ಥೆಯು ತನಿಖೆಯ ಪ್ರಾಥಮಿಕ ವರದಿಯನ್ನು ಹೊರಗಿಟ್ಟಾಗ. ಕಳ್ಳರು ಮೊದಲು ನುಗ್ಗಿದ್ದು ವಿನಿಮಯ ಸಂಸ್ಥೆಯೊಳಕ್ಕಲ್ಲ, ಸೇಫ್‌ನ ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪ್‌ಗೆ. ಫೆಬ್ರುವರಿ 4ರಂದು ಆ ಯಂತ್ರದಲ್ಲಿ, ಷೇರು ಹೂಡಿಕೆಯ ಸಿಮ್ಯುಲೇಟರ್ ಎಂಬ ಹೆಸರು ಹೊತ್ತ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ತಂತ್ರಾಂಶ) ಪ್ರಾಜೆಕ್ಟ್ ಒಂದು ದಾಳಿಕೋರರ ಹಿಡಿತದಲ್ಲಿದ್ದ ಜಾಲತಾಣವನ್ನು ಸಂಪರ್ಕಿಸಿತ್ತು. ಆ ಯಂತ್ರದಿಂದ ಕ್ಲೌಡ್ ಖಾತೆಗೆ ಪ್ರವೇಶ ಕೊಡುವ ಸೆಷನ್ ಟೋಕನ್‌ಗಳು ಅವರ ಕೈಸೇರಿದವು. ಟೋಕನ್‌ಗಳ ಬಲದಿಂದ ಸೇಫ್‌ನ ವೆಬ್‌ಸೈಟ್‌ಗೆ ಕಳ್ಳ ಜಾವಾಸ್ಕ್ರಿಪ್ಟ್ ಸೇರಿತು. ಬೈಬಿಟ್‌ನವರು ಪರದೆಯ ಮೇಲೆ ಒಂದನ್ನು ನೋಡಿ ಇನ್ನೊಂದಕ್ಕೆ ಸಹಿ ಹಾಕಿದರು.

ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗೆ ಈ ವರದಿಯಲ್ಲಿ ಕಣ್ಣಿಗೆ ಕುಕ್ಕುವುದು ಹಣದ ಮೊತ್ತವಲ್ಲ, ಡಾಕರ್ ಎಂಬ ಹೆಸರು. ಹಲವು ಕಂಪ್ಯೂಟರ್‌ಗಳು (ನೋಡ್‌ಗಳು) ಒಂದೇ ಲೆಕ್ಕಪುಸ್ತಕವನ್ನು ಕಾಯುವ ಬ್ಲಾಕ್‌ಚೈನ್ ಈಗ ಪಠ್ಯಕ್ರಮದಲ್ಲಿರುವ ಐಚ್ಛಿಕ ವಿಷಯ. ಅದರ ಪ್ರಾಜೆಕ್ಟ್ ಮಾಡುವವರು ಲ್ಯಾಪ್‌ಟಾಪ್‌ನಲ್ಲಿ ಚೈನ್ ಎಬ್ಬಿಸುವುದು ಬಹುಪಾಲು ಡಾಕರ್ ಮೂಲಕವೇ. ಗೊತ್ತಿಲ್ಲದ ಕೋಡ್ ಸಿಕ್ಕರೆ ಕಂಟೇನರ್‌ನಲ್ಲಿ ಓಡಿಸಿ, ಯಂತ್ರಕ್ಕೆ ಏನೂ ಆಗುವುದಿಲ್ಲ ಎಂಬುದು ಅವರ ಕಿವಿಗೆ ಬಿದ್ದಿರುವ ಪಾಠ. ಹಾಗಿದ್ದರೆ ಕಂಟೇನರ್‌ನಿಂದಲೇ ಕಳ್ಳತನ ಶುರುವಾದದ್ದು ಹೇಗೆ?

ಇಲ್ಲಿ ಎರಡು ಅವಸರದ ತೀರ್ಮಾನಗಳಿಗೆ ದಾರಿಯಿದೆ. ಡಾಕರ್ ಅಪಾಯಕಾರಿ, ಲ್ಯಾಬ್‌ನಿಂದ ತೆಗೆದುಹಾಕೋಣ ಎನ್ನುವುದು ಒಂದು. ನಮ್ಮದು ಕಾಲೇಜು ಪ್ರಾಜೆಕ್ಟ್, ಕದಿಯಲು ನಮ್ಮಲ್ಲೇನಿದೆ ಎನ್ನುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ: ಕಂಟೇನರ್‌ಗೆ ಯಾವ ಕೆಲಸ ಒಪ್ಪಿಸಲಾಗಿದೆ ಎಂಬುದರ ತಪ್ಪು ಗ್ರಹಿಕೆ.

ಕಂಟೇನರ್ ಹುಟ್ಟಿದ್ದು ಯಾವ ತೊಂದರೆಗೆ?

ಡಾಕರ್ 2013ರಲ್ಲಿ ಬಂತು. ಅದರ ಅಡಿಪಾಯ ಅದಕ್ಕಿಂತ ಹಳೆಯದು. ಒಂದು ಪ್ರೋಗ್ರಾಂಗೆ ಯಾವ ಕಡತ, ಯಾವ ನೆಟ್‌ವರ್ಕ್, ಯಾವ ಪ್ರೋಸೆಸ್‌ಗಳು ಕಾಣಬೇಕು ಎಂದು ನಿಗದಿಪಡಿಸುವ ನೇಮ್‌ಸ್ಪೇಸ್‌ಗಳೂ, ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಸಮಯ ಸಿಗಬೇಕು ಎಂದು ಮಿತಿ ಹಾಕುವ ಸಿಗ್ರೂಪ್‌ಗಳೂ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮೊದಲೇ ಇದ್ದವು. ಡಾಕರ್ ಅವೆರಡನ್ನು ಜೋಡಿಸಿ, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳನ್ನೆಲ್ಲ ಒಂದು ಇಮೇಜ್‌ನಲ್ಲಿ ಕಟ್ಟಿಕೊಟ್ಟಿತು. ಆ ಇಮೇಜ್ ಯಾವ ಯಂತ್ರಕ್ಕೆ ಹೋದರೂ ಒಂದೇ ರೀತಿ ಓಡುತ್ತದೆ.

ಅಂದರೆ ಅದು ಬಗೆಹರಿಸಲು ಹೊರಟದ್ದು 'ನನ್ನ ಯಂತ್ರದಲ್ಲಿ ಓಡುತ್ತದೆ, ನಿನ್ನದರಲ್ಲಿ ಏಕೆ ಓಡುವುದಿಲ್ಲ' ಎಂಬ ಜಗಳವನ್ನು. ಬ್ಲಾಕ್‌ಚೈನ್‌ನಲ್ಲಿ ಆ ಜಗಳ ಇನ್ನೂ ಜೋರು. ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಬರೆಯುವ ಸಾಲಿಡಿಟಿ ಭಾಷೆಯ ಕಂಪೈಲರ್‌ನ ಆವೃತ್ತಿ, ನೋಡ್ ತಂತ್ರಾಂಶದ ಆವೃತ್ತಿ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಆವೃತ್ತಿ, ಗೋ ಭಾಷೆಯ ಆವೃತ್ತಿ, ಇವುಗಳಲ್ಲಿ ಒಂದು ಹೊಂದದಿದ್ದರೂ ಅರ್ಧ ದಿನ ಹೋಯಿತೆಂದೇ ಲೆಕ್ಕ. ನಾಲ್ಕು ಜನರ ತಂಡದಲ್ಲಿ ಮೂವರದು ವಿಂಡೋಸ್, ಒಬ್ಬರದು ಉಬುಂಟು ಆಗಿದ್ದರೆ ಹೇಳುವುದೇ ಬೇಡ.

ಸುರಕ್ಷೆ ಇಲ್ಲಿ ಉಪಫಲ ಮಾತ್ರ. ವರ್ಚುವಲ್ ಯಂತ್ರಕ್ಕೆ ಅದರದೇ ಕರ್ನಲ್ ಇರುತ್ತದೆ. ಕಂಟೇನರ್‌ಗೆ ಇರುವುದಿಲ್ಲ, ಅದು ಹೊರಗಿನ ಯಂತ್ರದ ಕರ್ನಲ್‌ನ ಮೇಲೆಯೇ ಓಡುವ ಒಂದು ಪ್ರೋಸೆಸ್. ಪ್ರತ್ಯೇಕತೆ ಎಷ್ಟಿರಬೇಕು ಎಂಬುದನ್ನು ಅದನ್ನು ಓಡಿಸುವ ಆಜ್ಞೆ ಅಥವಾ ಕಂಪೋಸ್ ಕಡತ (ಯಾವ ಕಂಟೇನರ್ ಹೇಗೆ ಓಡಬೇಕೆಂದು ಬರೆದಿಟ್ಟ ಪಟ್ಟಿ) ತೀರ್ಮಾನಿಸುತ್ತದೆ. ಆ ಕಡತ ಬರೆದದ್ದು ಯಾರು ಎಂಬ ಪ್ರಶ್ನೆಗೆ ಆಮೇಲೆ ಬರೋಣ.

ಚೈನ್ ಲ್ಯಾಪ್‌ಟಾಪ್‌ನಲ್ಲೇ ಏಕೆ?

ಈಥೀರಿಯಂನ ಮುಖ್ಯ ಜಾಲದಲ್ಲಿ ಪ್ರತಿ ವಹಿವಾಟಿಗೂ ಶುಲ್ಕವಿದೆ. ತಪ್ಪು ಕಾಂಟ್ರಾಕ್ಟ್ ಒಮ್ಮೆ ಏರಿಸಿದರೆ ಅಳಿಸುವಂತಿಲ್ಲ. ಕಲಿಯುವವರಿಗಾಗಿ ಟೆಸ್ಟ್‌ನೆಟ್ ಎಂಬ ಅಭ್ಯಾಸದ ಜಾಲಗಳಿವೆ, ನಿಜ. ಆದರೆ ಅವುಗಳ ಆಯುಷ್ಯ ಗಟ್ಟಿಯಲ್ಲ. ರಾಪ್ಸ್ಟನ್ 2022ರಲ್ಲಿ ಮುಚ್ಚಿತು, ಗೊಯೆರ್ಲಿ 2024ರಲ್ಲಿ. 2023ರಲ್ಲಿ ಬಂದ ಹೋಲೆಸ್ಕಿ ಜಾಲವು 2025ರ ಫೆಬ್ರುವರಿಯಲ್ಲಿ ಈಥೀರಿಯಂನ ಪೆಕ್ಟ್ರಾ ಪರಿಷ್ಕರಣೆಯ ಪರೀಕ್ಷೆ ವೇಳೆ ಎಡವಿತು, ಮಾರ್ಚ್‌ನಲ್ಲಿ ಹೂಡಿ ಎಂಬ ಹೊಸ ಜಾಲ ಬಂತು. ಎರಡು ವರ್ಷ ಹಳೆಯ ಪ್ರಾಜೆಕ್ಟ್ ವರದಿಯನ್ನು ನೋಡಿ ಕೆಲಸ ಶುರು ಮಾಡುವವರಿಗೆ, ಅದರಲ್ಲಿರುವ ಜಾಲದ ವಿಳಾಸವೇ ಸತ್ತಿರುವುದು ಗೊತ್ತಾಗಲು ಒಂದು ಸಂಜೆ ಬೇಕಾಗುತ್ತದೆ.

ಇನ್ನೊಂದು ತೊಡಕು ಪುಕ್ಕಟೆ ನಾಣ್ಯದ್ದು. ಟೆಸ್ಟ್‌ನೆಟ್ ಈಥರ್ ಅನ್ನು ಫಾಸೆಟ್ ಎಂಬ ತಾಣಗಳಿಂದ ಚೂರುಚೂರಾಗಿ ಪಡೆಯಬೇಕು. ಗೊಯೆರ್ಲಿಯ ಕೊನೆಗಾಲದಲ್ಲಿ ಅದು ಎಷ್ಟು ದುರ್ಲಭವಾಯಿತೆಂದರೆ, 2023ರಲ್ಲಿ ಜನ ಅದನ್ನು ನಿಜವಾದ ಹಣಕ್ಕೆ ಕೊಂಡು ಮಾರಿದರು. ಬೆಲೆಯೇ ಇರಬಾರದ ನಾಣ್ಯಕ್ಕೆ ಬೆಲೆ ಬಂದರೆ ಅಭ್ಯಾಸದ ಜಾಲಕ್ಕೆ ಅರ್ಥವೇನು ಉಳಿಯಿತು?

ಲ್ಯಾಪ್‌ಟಾಪ್‌ನಲ್ಲೇ ಓಡುವ ಚೈನ್‌ಗೆ ಈ ಎರಡೂ ರಗಳೆ ಇಲ್ಲ. ಫೌಂಡ್ರಿ ಎಂಬ ಉಪಕರಣದ ಆನ್‌ವಿಲ್ ನೋಡ್ ಎಬ್ಬಿಸಿದರೆ ತಲಾ 10,000 ಈಥರ್ ತುಂಬಿದ ಹತ್ತು ಖಾತೆಗಳು ಸಿದ್ಧವಾಗಿರುತ್ತವೆ. ಅದೇ ಬಗೆಯ ಇನ್ನೊಂದು ಉಪಕರಣ ಹಾರ್ಡ್‌ಹ್ಯಾಟ್‌ನಲ್ಲಿ ಇಪ್ಪತ್ತು. ಬ್ಲಾಕ್‌ಗೆ ಕಾಯಬೇಕಿಲ್ಲ, ವಹಿವಾಟು ಕಳುಹಿಸಿದ ಕ್ಷಣವೇ ಬ್ಲಾಕ್ ಹುಟ್ಟುತ್ತದೆ. ಗಣಿಗಾರಿಕೆಯ (ಲೆಕ್ಕದ ಪೈಪೋಟಿಯಿಂದ ಬ್ಲಾಕ್ ಹುಟ್ಟಿಸುವ ವಿಧಾನದ) ಕರೆಂಟ್ ಬಿಲ್‌ನ ಭಯಕ್ಕೂ ಕಾರಣವಿಲ್ಲ, ಇಲ್ಲಿ ಗಣಿಗಾರಿಕೆಯೇ ನಡೆಯುವುದಿಲ್ಲ. ಹಾಗೆ ನೋಡಿದರೆ 2022ರ ಸೆಪ್ಟೆಂಬರ್ ನಂತರ ಈಥೀರಿಯಂನ ಮುಖ್ಯ ಜಾಲದಲ್ಲಿಯೂ ಇಲ್ಲ.

ಮನೆಯವರು ಕೇಳುವ ತೆರಿಗೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶೇ 30ರ ತೆರಿಗೆ ಬೀಳುವುದು ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯಿಂದ ಬಂದ ಆದಾಯದ ಮೇಲೆ. ಲ್ಯಾಪ್‌ಟಾಪ್‌ನಲ್ಲಿ ಹುಟ್ಟಿ, ಕಂಟೇನರ್ ನಿಲ್ಲಿಸಿದೊಡನೆ ಮಾಯವಾಗುವ ನಾಣ್ಯವನ್ನು ಕೊಳ್ಳುವವರೂ ಇಲ್ಲ, ಅದರಿಂದ ಆದಾಯವೂ ಇಲ್ಲ.

ಹಳೆಯ ಲ್ಯಾಬ್ ಕೈಪಿಡಿಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಇನ್ನೂ ಗನಾಶ್ ಮತ್ತು ಟ್ರಫಲ್ ಎಂಬ ಹಳೆಯ ಉಪಕರಣಗಳ ಹೆಸರುಗಳು ಸಿಗುತ್ತವೆ. ಕಾನ್ಸೆನ್ಸಿಸ್ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಎರಡನ್ನೂ ನಿಲ್ಲಿಸುವುದಾಗಿ ಹೇಳಿ, ಡಿಸೆಂಬರ್‌ನಲ್ಲಿ ಕಡತಗಳಿಗೆ ಬೀಗ ಹಾಕಿತು. ಅವು ಇಂದಿಗೂ ಓಡುತ್ತವೆ, ಆದರೆ ದೋಷ ತಿದ್ದುವವರಿಲ್ಲ. ಅಂಥ ತಂತ್ರಾಂಶವನ್ನು ಹೊಸ ತಂಡದ ಕೈಗೆ ಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅರವತ್ತು ಯಂತ್ರ, ಒಂದೇ ಹೊರವಿಳಾಸ

ಈಥೀರಿಯಂ ಪ್ರಾಜೆಕ್ಟ್‌ಗೆ ಒಂದು ನೋಡ್ ಸಾಕು. ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನ ದಾರಿ ಬೇರೆ. ಅದು ಸದಸ್ಯತ್ವ ಇದ್ದವರಿಗೆ ಮಾತ್ರ ಪ್ರವೇಶ ಕೊಡುವ ಚೈನ್. ನಾಣ್ಯವಿಲ್ಲ, ಸಂಸ್ಥೆಗಳಿವೆ. ಫ್ಯಾಬ್ರಿಕ್‌ನವರೇ ಕೊಡುವ ಮಾದರಿ ಜಾಲದಲ್ಲಿ ಎರಡು ಸಂಸ್ಥೆಗಳಿಗೆ ಲೆಕ್ಕಪುಸ್ತಕದ ಪ್ರತಿ ಇಡುವ ಒಂದೊಂದು ಪಿಯರ್, ವಹಿವಾಟುಗಳನ್ನು ಸರದಿಗೆ ಜೋಡಿಸಲು ಒಂದು ಆರ್ಡರರ್, ಹೀಗೆ ಮೂರು ನೋಡ್‌ಗಳು. ಸರ್ಟಿಫಿಕೇಟ್ ಕೊಡುವ ಸರ್ವರ್‌ಗಳು, ಕೌಚ್‌ಡಿಬಿ ಡೇಟಾಬೇಸ್, ಚೈನ್‌ಕೋಡ್‌ಗೆ (ಫ್ಯಾಬ್ರಿಕ್‌ನಲ್ಲಿ ಕಾಂಟ್ರಾಕ್ಟ್‌ನ ಹೆಸರು) ಪ್ರತ್ಯೇಕ ಕಂಟೇನರ್‌ಗಳು ಸೇರಿದರೆ ಸಂಖ್ಯೆ ಹತ್ತರ ಹತ್ತಿರ ಬರುತ್ತದೆ. ಕಂಟೇನರ್ ಇಲ್ಲದೆ ಇದನ್ನು ಕೈಯಾರೆ ಕಟ್ಟಲು ಹೊರಟವರಿಗೆ ಸೆಮಿಸ್ಟರ್ ಸಾಲದು.

ಜಿಲ್ಲಾ ಕೇಂದ್ರದ ಲ್ಯಾಬ್‌ಗಳಿಗೆ ಇಲ್ಲಿ ಎರಡು ಅಡ್ಡಿ. ಮೊದಲನೆಯದು ಮೆಮೊರಿ. ವಿಂಡೋಸ್‌ನಲ್ಲಿ ಡಾಕರ್ ಓಡುವುದು ಒಳಗೆ ಅಡಗಿದ ಲಿನಕ್ಸ್ ಪದರದ ಮೇಲೆ, ಮತ್ತು ಅದು ಯಂತ್ರದ ಮೆಮೊರಿಯ ಅರ್ಧದವರೆಗೆ ತೆಗೆದುಕೊಳ್ಳಬಲ್ಲದು. 8 ಜಿಬಿ ಯಂತ್ರದಲ್ಲಿ ಮಿಕ್ಕ ನಾಲ್ಕರಲ್ಲಿ ಬ್ರೌಸರ್, ಎಡಿಟರ್, ವಿಂಡೋಸ್ ಎಲ್ಲವೂ ಬದುಕಬೇಕು. ಯಂತ್ರ ಉಸಿರುಗಟ್ಟುವುದು ವಿದ್ಯಾರ್ಥಿಯ ತಪ್ಪಿನಿಂದಲ್ಲ.

ಎರಡನೆಯದು ಯಾರ ಕಣ್ಣಿಗೂ ಬೇಗ ಬೀಳುವುದಿಲ್ಲ. ಇಮೇಜ್‌ಗಳನ್ನು ಇಳಿಸಿಕೊಳ್ಳುವ ಡಾಕರ್ ಹಬ್ 2020ರ ನವೆಂಬರ್‌ನಿಂದ ಮಿತಿ ಹಾಕಿದೆ: ಲಾಗಿನ್ ಆಗದವರಿಗೆ ಆರು ಗಂಟೆಗೆ 100 ಇಳಿಕೆ. ಈ ಲೆಕ್ಕ ಯಂತ್ರಕ್ಕಲ್ಲ, ಐಪಿ ವಿಳಾಸಕ್ಕೆ. ಇಡೀ ಕಾಲೇಜು ಒಂದೇ ಹೊರವಿಳಾಸದ ಹಿಂದೆ ಇದ್ದರೆ, ಅರವತ್ತು ಯಂತ್ರಗಳು ಐದೈದು ಇಮೇಜ್ ಕೇಳಿದಾಗ ಬೇಡಿಕೆ 300 ಆಗುತ್ತದೆ. ಮೊದಲು ಬಂದ ಇಪ್ಪತ್ತು ಯಂತ್ರಗಳಲ್ಲಿ ಕೆಲಸ ಸರಾಗ, ಇಪ್ಪತ್ತೊಂದನೆಯದರಲ್ಲಿ ದೋಷ ಸಂದೇಶ. ಇಂಟರ್ನೆಟ್ ಸರಿಯಿಲ್ಲ ಎಂದು ಬೈದುಕೊಂಡು ಎಲ್ಲರೂ ಮತ್ತೆ ಮತ್ತೆ ಯತ್ನಿಸುತ್ತಾರೆ, ಬಾಕಿ ಲೆಕ್ಕ ಇನ್ನಷ್ಟು ಕರಗುತ್ತದೆ. ಪರಿಹಾರ ಮಾತ್ರ ಸರಳ: ಒಂದು ಯಂತ್ರದಲ್ಲಿ ಇಮೇಜ್‌ಗಳನ್ನು ಇಳಿಸಿ, ಕಡತವಾಗಿ ಉಳಿಸಿ, ಪೆನ್‌ಡ್ರೈವ್‌ನಲ್ಲಿ ಹಂಚುವುದು, ಇಲ್ಲವೇ ಲ್ಯಾಬ್‌ನ ಒಳಗೇ ಇಮೇಜ್‌ಗಳ ನಕಲು ಇಡುವ ಒಂದು ಮಿರರ್ ರಿಜಿಸ್ಟ್ರಿ ಇಡುವುದು. ಎರಡನೆಯ ಕ್ರಮಕ್ಕೆ ಇನ್ನೊಂದು ಲಾಭವಿದೆ. ಯಾವ ಇಮೇಜ್, ಯಾವ ಆವೃತ್ತಿ ಎಂಬುದು ವರ್ಷವಿಡೀ ಒಂದೇ ಇರುತ್ತದೆ. 'ಲೇಟೆಸ್ಟ್' ಎಂಬ ಗುರುತಿನ ಇಮೇಜ್ ಆಗಸ್ಟ್‌ನಲ್ಲಿ ಒಂದಾಗಿದ್ದು ಮೌಲ್ಯಮಾಪನದ ಹೊತ್ತಿಗೆ ಇನ್ನೊಂದಾಗಿರುವ ಅಪಾಯ ತಪ್ಪುತ್ತದೆ.

ಡಾಕರ್‌ಗೆ ದುಡ್ಡು ಕೊಡಬೇಕಂತೆ ಎಂಬ ಗುಸುಗುಸುವೂ ಇದೆ. 2021ರ ಆಗಸ್ಟ್‌ನಲ್ಲಿ ಬಂದ ನಿಯಮ ಡಾಕರ್ ಡೆಸ್ಕ್‌ಟಾಪ್ ಎಂಬ ಪ್ಯಾಕೇಜಿಗೆ ಸಂಬಂಧಿಸಿದ್ದು. 250ಕ್ಕಿಂತ ಹೆಚ್ಚು ನೌಕರರು ಅಥವಾ ವರ್ಷಕ್ಕೆ ಒಂದು ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯವಿರುವ ಕಂಪನಿಗಳು ಚಂದಾ ಕಟ್ಟಬೇಕು. ಕಲಿಕೆಯ ಬಳಕೆ ಉಚಿತ. ಸರ್ಕಾರಿ ಸಂಸ್ಥೆಗಳು ಮಾತ್ರ ಉಚಿತದ ಪಟ್ಟಿಯಲ್ಲಿಲ್ಲ. ಲಿನಕ್ಸ್ ಮೇಲೆ ಓಡುವ ಡಾಕರ್ ಎಂಜಿನ್ ಎಲ್ಲರಿಗೂ ಮುಕ್ತ ತಂತ್ರಾಂಶ.

ಬಾಗಿಲು ತೆರೆಯುವುದು ಎಲ್ಲೆಲ್ಲಿ

ಈಗ ಮೂಲ ಪ್ರಶ್ನೆ. ಕಂಟೇನರ್‌ನ ಒಳಗಿನ ಕೋಡ್ ಹೊರಗಿನ ಯಂತ್ರವನ್ನು ಮುಟ್ಟುವುದು ಹೇಗೆ? ಕರ್ನಲ್‌ನ ದೋಷ ಹುಡುಕಿ ಗೋಡೆ ಒಡೆಯುವುದು ಕಷ್ಟದ ದಾರಿ. ಸಾಮಾನ್ಯವಾಗಿ ಅಷ್ಟು ಶ್ರಮ ಬೇಕಾಗುವುದೇ ಇಲ್ಲ, ಏಕೆಂದರೆ ಬಾಗಿಲನ್ನು ಬಳಕೆದಾರನೇ ತೆರೆದಿಟ್ಟಿರುತ್ತಾನೆ.

ಮೊದಲ ಬಾಗಿಲು ಫೋಲ್ಡರ್ ಹಂಚಿಕೆ. ಕೋಡ್ ಬದಲಿಸಿದಾಗಲೆಲ್ಲ ಇಮೇಜ್ ಮರಳಿ ಕಟ್ಟುವ ಕಿರಿಕಿರಿ ತಪ್ಪಿಸಲು ಪ್ರಾಜೆಕ್ಟ್ ಫೋಲ್ಡರ್ ಅನ್ನು ಕಂಟೇನರ್‌ಗೆ ಹಂಚುವುದು ವಾಡಿಕೆ. ಪ್ರಾಜೆಕ್ಟ್ ಫೋಲ್ಡರ್‌ನ ಬದಲು ಇಡೀ ಹೋಮ್ ಫೋಲ್ಡರ್ ಹಂಚಿದರೆ ಬೇರೆ ಸರ್ವರ್‌ಗಳಿಗೆ ಪ್ರವೇಶ ಕೊಡುವ ಎಸ್ಎಸ್ಎಚ್ ಕೀ, ಕ್ಲೌಡ್ ಖಾತೆಯ ಟೋಕನ್, ಬ್ರೌಸರ್‌ನ ಕಡತಗಳು ಎಲ್ಲವೂ ಒಳಗಿನ ಕೋಡ್‌ಗೆ ಕಾಣುತ್ತವೆ. ಹಂಚಿಕೆಯ ಸಾಲು ಕಂಪೋಸ್ ಕಡತದಲ್ಲಿ ಇರುತ್ತದೆ, ಆ ಕಡತ ಪ್ರಾಜೆಕ್ಟ್ ಜೊತೆಗೇ ಬಂದಿರುತ್ತದೆ. ಅಪರಿಚಿತ ಕೋಡ್ ಅನ್ನು ಕಂಟೇನರ್‌ನಲ್ಲಿ ಓಡಿಸುತ್ತಿದ್ದೇನೆ ಎಂದು ನೆಮ್ಮದಿಯಿಂದಿರುವವರು, ಆ ಕಂಟೇನರ್‌ಗೆ ಎಷ್ಟು ಸ್ವಾತಂತ್ರ್ಯ ಎಂಬುದನ್ನೂ ಅದೇ ಅಪರಿಚಿತನ ತೀರ್ಮಾನಕ್ಕೆ ಬಿಟ್ಟಿರುತ್ತಾರೆ. ಇಡೀ ಗೊಂದಲದ ಗಂಟು ಇರುವುದು ಇಲ್ಲಿ.

ಎರಡನೆಯದು ಡಾಕರ್ ಸಾಕೆಟ್. ಅದು ಡಾಕರ್ ಸೇವೆಗೆ ಆಜ್ಞೆ ಕೊಡುವ ದಾರಿ. ಅದನ್ನು ಕಂಟೇನರ್‌ನ ಒಳಗೆ ಬಿಟ್ಟರೆ, ಒಳಗಿನ ಕೋಡ್ ತನಗೆ ಬೇಕಾದ ಹೊಸ ಕಂಟೇನರ್ ಎಬ್ಬಿಸಿ ಅದಕ್ಕೆ ಇಡೀ ಡಿಸ್ಕ್ ಹಂಚಿಕೊಳ್ಳಬಹುದು. ಅಂಥದ್ದನ್ನು ಯಾರು ಮಾಡುತ್ತಾರೆ ಎನ್ನಬೇಡಿ. ಫ್ಯಾಬ್ರಿಕ್‌ನ ಮಾದರಿ ಜಾಲವೇ ಮಾಡುತ್ತದೆ. ಚೈನ್‌ಕೋಡ್‌ಗೆ ಪ್ರತ್ಯೇಕ ಕಂಟೇನರ್ ಕಟ್ಟುವುದು ಪಿಯರ್‌ನ ಕೆಲಸವಾದ್ದರಿಂದ ಸಾಕೆಟ್ ಅದಕ್ಕೆ ಬೇಕು. ಕಲಿಕೆಗೆ ಇದು ನಡೆಯುತ್ತದೆ. ಆದರೆ ಅದೇ ಕಂಪೋಸ್ ಕಡತವನ್ನು ನಕಲು ಮಾಡಿ ನಿಜವಾದ ಸರ್ವರ್‌ಗೆ ಏರಿಸುವುದು ಬೇರೆಯೇ ಮಾತು. ಚೈನ್‌ಕೋಡ್ ಅನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ದಾರಿ ಫ್ಯಾಬ್ರಿಕ್‌ನಲ್ಲಿದೆ, ಆಗ ಸಾಕೆಟ್‌ನ ಅಗತ್ಯ ಬೀಳುವುದಿಲ್ಲ.

ಮೂರನೆಯದು 'ಪ್ರಿವಿಲೆಜ್ಡ್' ಎಂಬ ಒಂದೇ ಪದ. ಅದನ್ನು ಸೇರಿಸಿದರೆ ಪ್ರತ್ಯೇಕತೆ ಹೆಚ್ಚುಕಡಿಮೆ ಮುಗಿದಂತೆ. ಏನೋ ದೋಷ ಬಂತು, ಅಂತರ್ಜಾಲದಲ್ಲಿ ಯಾರೋ ಈ ಪದ ಸೇರಿಸಿ ಎಂದರು, ಸೇರಿಸಿದೆ, ಓಡಿತು. ದೋಷ ಏಕೆ ಬಂತೆಂದು ಮಾತ್ರ ಯಾರೂ ಕೇಳಲಿಲ್ಲ.

ನಾಲ್ಕನೆಯದು ಪೋರ್ಟ್. ಈಥೀರಿಯಂನ ಸ್ಥಳೀಯ ನೋಡ್ 8545ನೇ ಪೋರ್ಟ್‌ನಲ್ಲಿ ಕಾಯುತ್ತದೆ. ಆನ್‌ವಿಲ್ ಸಾಮಾನ್ಯವಾಗಿ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕಿವಿಗೊಡುವುದರಿಂದ, ಕಂಟೇನರ್‌ನಲ್ಲಿಟ್ಟಾಗ ಹೊರಗಿನ ಬ್ರೌಸರ್‌ಗೆ ಅದು ಸಿಗುವುದಿಲ್ಲ. ಒಳಗೆ ಅದನ್ನು 0.0.0.0 (ಎಲ್ಲ ವಿಳಾಸಗಳು) ಎಂದು ಬದಲಿಸಲೇಬೇಕು. ಎಡವಟ್ಟಾಗುವುದು ಹೊರಗಿನ ಯಂತ್ರದ ಪೋರ್ಟ್ ಜೋಡಿಸುವ ಸಾಲಿನಲ್ಲಿ 8545:8545 ಎಂದಷ್ಟೇ ಬರೆದಾಗ. ಆಗ ಡಾಕರ್ ಅದನ್ನು ಯಂತ್ರದ ಎಲ್ಲ ಜಾಲಗಳಿಗೂ ತೆರೆಯುತ್ತದೆ, ಅದೂ ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನ ನಿಯಮಗಳನ್ನು ದಾಟಿ. ಹಾಸ್ಟೆಲ್ ಅಥವಾ ಪಿಜಿಯ ವೈಫೈನಲ್ಲಿರುವ ಯಾರು ಬೇಕಾದರೂ ಆ ನೋಡ್‌ಗೆ ಆಜ್ಞೆ ಕೊಡಬಹುದು. 127.0.0.1:8545:8545 ಎಂದು ಬರೆದರೆ ಈ ಬಾಗಿಲು ಮುಚ್ಚುತ್ತದೆ.

ಇವೆಲ್ಲ ನಾವೇ ತೆರೆದಿಡುವ ಬಾಗಿಲುಗಳು. ಹೊರಗೆ ಕರೆ ಮಾಡುವ ದಾರಿ ಅಂತೂ ಸದಾ ತೆರೆದೇ ಇರುತ್ತದೆ. ಕಂಟೇನರ್‌ಗೆ ಇಂಟರ್ನೆಟ್ ಬೇಡ ಎಂದು ಹೇಳದಿದ್ದರೆ ಅದು ಯಾವ ಜಾಲತಾಣವನ್ನಾದರೂ ಸಂಪರ್ಕಿಸಬಹುದು. ಸೇಫ್ ವರದಿಯ ಡಾಕರ್ ಪ್ರಾಜೆಕ್ಟ್‌ನಲ್ಲಿ ಮೊದಲು ಕಂಡ ಚಲನೆಯೂ ಅದೇ.

ಕದಿಯಲು ನಮ್ಮಲ್ಲೇನಿದೆ?

ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ 13,000 ಕೋಟಿ ಇರುವುದಿಲ್ಲ. ಆದರೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಓದಿದವರ ಬಹುದೊಡ್ಡ ಪಾಲು ಕೆಲಸ ಹುಡುಕುವುದು ಬೆಂಗಳೂರಿನಲ್ಲಿ. ಬ್ಲಾಕ್‌ಚೈನ್ ಡೆವಲಪರ್‌ಗಳನ್ನು ಗುರಿಯಾಗಿಸಿದ ಗುಂಪುಗಳು ಹಾಕುವ ಗಾಳದ ಹೆಸರೂ ಕೆಲಸವೇ. ಸಂದರ್ಶನದ ನೆಪದಲ್ಲಿ ಕೋಡ್ ಕಡತ ಕಳುಹಿಸಿ, ಇದನ್ನು ಓಡಿಸಿ ದೋಷ ತಿದ್ದಿ ಎನ್ನುತ್ತಾರೆ. 2025ರ ಜುಲೈನಲ್ಲಿ ಭಾರತದ ಕ್ರಿಪ್ಟೊ ವಿನಿಮಯ ಸಂಸ್ಥೆ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದ ಪ್ರಕರಣದಲ್ಲಿಯೂ ಬೆಂಗಳೂರು ಪೊಲೀಸರ ತನಿಖೆ ಹೊರಳಿದ್ದು ಒಬ್ಬ ಉದ್ಯೋಗಿಯ ಲ್ಯಾಪ್‌ಟಾಪ್‌ನತ್ತ. ಇಂದಿನ ವಿದ್ಯಾರ್ಥಿಯ ಯಂತ್ರ ನಾಳೆಯ ಉದ್ಯೋಗಿಯ ಯಂತ್ರ. ಅಭ್ಯಾಸಗಳೂ ಜೊತೆಗೇ ಹೋಗುತ್ತವೆ.

ಮಾದರಿ ಖಾತೆಗಳದ್ದು ಇನ್ನೂ ಹತ್ತಿರದ ಅಪಾಯ. ಆನ್‌ವಿಲ್ ಮತ್ತು ಹಾರ್ಡ್‌ಹ್ಯಾಟ್ ಕೊಡುವ ಖಾತೆಗಳು ಪ್ರಪಂಚದ ಎಲ್ಲರಿಗೂ ಒಂದೇ. ಅವು ಹುಟ್ಟುವುದು ಹನ್ನೆರಡು ಪದಗಳ ಗುಟ್ಟಿನ ಸಾಲಿನಿಂದ: ಹನ್ನೊಂದು ಸಲ 'ಟೆಸ್ಟ್', ಕೊನೆಗೆ 'ಜಂಕ್'. ಅಂದರೆ ಗುಟ್ಟೇ ಅಲ್ಲ. ಆ ಖಾತೆಗಳಿಂದ ಹಣ ಕಳುಹಿಸುವ ಅಧಿಕಾರ ಕೊಡುವ ಪ್ರೈವೇಟ್ ಕೀಗಳು ಎಲ್ಲರಿಗೂ ಗೊತ್ತು. ಮುಖ್ಯ ಜಾಲದಲ್ಲಿ ಅದೇ ವಿಳಾಸಕ್ಕೆ ಯಾರಾದರೂ ತಪ್ಪಿ ಹಣ ಕಳುಹಿಸಿದರೆ, ಕಾದು ಕುಳಿತ ಬಾಟ್‌ಗಳು ಕ್ಷಣದಲ್ಲಿ ಗುಡಿಸಿಕೊಂಡು ಹೋಗುತ್ತವೆ. ಬ್ರೌಸರ್‌ನಲ್ಲಿ ಕೂರುವ, ನಿಜವಾದ ಹಣವಿರುವ ಮೆಟಾಮಾಸ್ಕ್ ವ್ಯಾಲೆಟ್‌ಗೇ ಈ ಖಾತೆಗಳನ್ನೂ ಸೇರಿಸಿಕೊಂಡವರಿಗೆ ಎರಡರ ನಡುವಿನ ಅಂತರ ಒಂದು ಕ್ಲಿಕ್. ಅಭ್ಯಾಸಕ್ಕೆ ಬ್ರೌಸರ್‌ನಲ್ಲಿ ಪ್ರತ್ಯೇಕ ಪ್ರೊಫೈಲ್ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಪಾತ್ರಕ್ಕೂ ಒಬ್ಬನೇ ನಟ

ಸುರಕ್ಷೆಯ ಚರ್ಚೆಯ ನೆರಳಿನಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಮರೆಯಾಗುತ್ತಿದೆ. ಸ್ಥಳೀಯ ಚೈನ್ ಏನನ್ನು ಸಾಬೀತು ಮಾಡುತ್ತದೆ?

ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರಿಗೆ ತಾಲೀಮು ಎಂದರೇನೆಂದು ವಿವರಿಸಬೇಕಿಲ್ಲ. ಮಾತು ಬಾಯಿಗೆ ಕೂರಿಸಿಕೊಳ್ಳಲು ಒಬ್ಬನೇ ನಟ ರಾಮನ ಮಾತನ್ನೂ ರಾವಣನ ಮಾತನ್ನೂ ಹೇಳಿಕೊಳ್ಳಬಹುದು. ಅದರಿಂದ ಸಂಭಾಷಣೆ ಸರಿಯಿದೆಯೇ ಎಂದು ತಿಳಿಯುತ್ತದೆ; ಇಬ್ಬರ ನಡುವೆ ಯುದ್ಧವಾದರೆ ಯಾರು ಗೆಲ್ಲುತ್ತಾರೆ ಎಂದು ತಿಳಿಯುವುದಿಲ್ಲ.

ಮೂರು ಕಂಟೇನರ್‌ಗಳ ಫ್ಯಾಬ್ರಿಕ್ ಜಾಲ ಹಾಗೆಯೇ. ಕಾಂಟ್ರಾಕ್ಟ್‌ನ ತರ್ಕ ಸರಿಯಿದೆಯೇ, ಅನುಮತಿ ಇಲ್ಲದವರನ್ನು ತಡೆಯುತ್ತದೆಯೇ, ಲೆಕ್ಕ ತಾಳೆಯಾಗುತ್ತದೆಯೇ ಎಂಬುದೆಲ್ಲ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಬ್ಲಾಕ್‌ಚೈನ್‌ಗೆ ಮೊರೆಹೋಗುವುದೇ ಒಬ್ಬರನ್ನೊಬ್ಬರು ಪೂರ್ತಿ ನಂಬದ ಸಂಸ್ಥೆಗಳು ಒಂದೇ ಲೆಕ್ಕಪುಸ್ತಕ ಇಡಬೇಕಾದಾಗ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸಂಸ್ಥೆಗಳ ಪ್ರೈವೇಟ್ ಕೀಗಳೂ ಒಬ್ಬನ ಒಂದೇ ಫೋಲ್ಡರ್‌ನಲ್ಲಿರುತ್ತವೆ. ಯಾರೂ ತಿದ್ದಲಾರದ ದಾಖಲೆ ಎಂದು ಪ್ರದರ್ಶನದಲ್ಲಿ ಹೇಳಿ, ದತ್ತಾಂಶ ಉಳಿಯುವ ವಾಲ್ಯೂಮ್‌ಗಳನ್ನೂ ಅಳಿಸುವ ಡೌನ್ ಆಜ್ಞೆ ಕೊಟ್ಟರೆ ಇಡೀ ಇತಿಹಾಸ ಎರಡು ಸೆಕೆಂಡ್‌ನಲ್ಲಿ ಇಲ್ಲವಾಗುತ್ತದೆ. ಹೀಗೆ ಅಳಿಸಿ ಮತ್ತೆ ಎಬ್ಬಿಸಿದಾಗ ಮೆಟಾಮಾಸ್ಕ್ ಹಳೆಯ ವಹಿವಾಟುಗಳ ಎಣಿಕೆಯನ್ನೇ ನೆನಪಿಟ್ಟುಕೊಂಡು ನಾನ್ಸ್ (ವಹಿವಾಟಿನ ಕ್ರಮಸಂಖ್ಯೆ) ದೋಷ ತೋರಿಸುವುದುಂಟು. ಅಳಿಸಲಾಗದ ಚೈನ್ ಅಳಿದುಹೋದದ್ದಕ್ಕೆ ಸಾಕ್ಷಿ ಹೇಳುವುದು ಆ ವ್ಯಾಲೆಟ್ ಒಂದೇ.

ಇನ್ನೂ ಕೆಲವು ವಿಷಯಗಳಲ್ಲಿ ಸ್ಥಳೀಯ ಚೈನ್ ಸುಳ್ಳು ಧೈರ್ಯ ಕೊಡುತ್ತದೆ. ಈಥೀರಿಯಂನಲ್ಲಿ ಬ್ಲಾಕ್ ಬರುವುದು 12 ಸೆಕೆಂಡ್‌ಗೊಮ್ಮೆ, ನಿಮ್ಮ ವಹಿವಾಟಿನ ಮುಂದೆ ಬೇರೆಯವರದು ನುಸುಳಬಹುದು, ಶುಲ್ಕ ಏರಿಳಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದಾವುದೂ ಇಲ್ಲ. ಆರ್ಡರರ್‌ಗಳು ಒಮ್ಮತಕ್ಕೆ ಬರುವ ಫ್ಯಾಬ್ರಿಕ್‌ನ ರಾಫ್ಟ್ ವಿಧಾನದಲ್ಲಿ ಮೂರು ಆರ್ಡರರ್ ಇದ್ದರೆ ಒಂದು ಕೆಟ್ಟುನಿಂತರೂ ಜಾಲ ನಡೆಯುತ್ತದೆ, ಐದಿದ್ದರೆ ಎರಡು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಐದಿದ್ದರೂ ಬ್ಯಾಟರಿ ಮುಗಿದರೆ ಐದೂ ಒಟ್ಟಿಗೆ ಮಲಗುತ್ತವೆ. ಮೇಲಾಗಿ ರಾಫ್ಟ್ ತಾಳಿಕೊಳ್ಳುವುದು ಕೆಟ್ಟುನಿಂತ ಯಂತ್ರವನ್ನು, ಸುಳ್ಳು ಹೇಳುವ ಯಂತ್ರವನ್ನಲ್ಲ. ಒಬ್ಬ ಸುಳ್ಳುಗಾರನನ್ನು ತಡೆದುಕೊಳ್ಳಲು ಕನಿಷ್ಠ ನಾಲ್ಕು ನೋಡ್ ಬೇಕು. ಫ್ಯಾಬ್ರಿಕ್‌ನಲ್ಲಿ ಆ ಸೌಲಭ್ಯ ಬಂದದ್ದು 2024ರ 3.0 ಆವೃತ್ತಿಯಲ್ಲಿ.

ಬೇರೆ ದಾರಿಗಳ ವಾದ

ಕಂಟೇನರ್ ಬೇಡವೇ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಸಾಲಿಡಿಟಿ ಕಲಿಯಲು ಬ್ರೌಸರ್‌ನಲ್ಲೇ ತೆರೆಯುವ ರೀಮಿಕ್ಸ್ ಸಾಕು. ಆನ್‌ವಿಲ್ ಕೂಡ ನೇರವಾಗಿ ಓಡಿಸಬಹುದಾದ ಒಂದೇ ಕಡತ. ಮೊದಲ ತಿಂಗಳು ಡಾಕರ್ ಕಲಿಸುವುದರಲ್ಲೇ ಕಳೆದರೆ ಬ್ಲಾಕ್‌ಚೈನ್ ಕಲಿಯುವುದು ಯಾವಾಗ? ಈಥೀರಿಯಂ ಮಟ್ಟಿಗೆ ಈ ವಾದ ಗೆಲ್ಲುತ್ತದೆ. ಫ್ಯಾಬ್ರಿಕ್‌ಗೆ ಬಂದಾಗ ಸೋಲುತ್ತದೆ.

ಲಿನಕ್ಸ್ ಲ್ಯಾಬ್ ನೋಡಿಕೊಳ್ಳುವವರ ಆಕ್ಷೇಪ ಬೇರೆ. ಡಾಕರ್ ಗುಂಪಿಗೆ ವಿದ್ಯಾರ್ಥಿಯನ್ನು ಸೇರಿಸುವುದೆಂದರೆ ಯಂತ್ರದ ರೂಟ್ (ಸರ್ವಾಧಿಕಾರದ ಬಳಕೆದಾರ) ಅಧಿಕಾರ ಕೊಟ್ಟಂತೆಯೇ. ಡಾಕರ್‌ನ ದಾಖಲೆಗಳೇ ಇದನ್ನು ಎಚ್ಚರಿಸುತ್ತವೆ. ಇದಕ್ಕೆ ಉತ್ತರ ನಿಷೇಧವಲ್ಲ. ಡಾಕರ್‌ನ ರೂಟ್‌ಲೆಸ್ ಕ್ರಮ ಅಥವಾ ಅದರಂಥದ್ದೇ ಇನ್ನೊಂದು ತಂತ್ರಾಂಶ ಪಾಡ್‌ಮನ್ ಬಳಸಿದರೆ ಕಂಟೇನರ್ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ಓಡುತ್ತದೆ. ಆದರೆ ಸಾಕೆಟ್ ನಿರೀಕ್ಷಿಸುವ ಮಾದರಿ ಕಡತಗಳನ್ನು ತಿದ್ದಿಕೊಳ್ಳಬೇಕು, ಆ ಶ್ರಮ ಯಾರಾದರೂ ಒಬ್ಬರು ಪಡಲೇಬೇಕು.

ಮೂರನೆಯ ದಾರಿ ಸರ್ಕಾರದ್ದು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಸೆಪ್ಟೆಂಬರ್ 4ರಂದು ವಿಶ್ವಸ್ಯ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಹೊರತಂದಿತು. ಅದರ ನೋಡ್‌ಗಳು ಭುವನೇಶ್ವರ, ಪುಣೆ ಮತ್ತು ಹೈದರಾಬಾದಿನ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಡೇಟಾ ಕೇಂದ್ರಗಳಲ್ಲಿವೆ. ಜೊತೆಗೆ ಸ್ಟಾರ್ಟಪ್‌ಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಎನ್‌ಬಿಎಫ್‌ಲೈಟ್ ಎಂಬ ಹಗುರ ಪ್ರಯೋಗವೇದಿಕೆ. ನೋಡ್‌ಗಳು ಬೇರೆ ಬೇರೆ ಊರಿನಲ್ಲಿವೆ ಎಂಬುದು ಲ್ಯಾಪ್‌ಟಾಪ್‌ಗಿಂತ ಖಂಡಿತ ಮೇಲು. ಆದರೆ ಮೂರನ್ನೂ ನಡೆಸುವುದು ಒಂದೇ ಸಂಸ್ಥೆ. ಭೂಕಂಪ, ವಿದ್ಯುತ್ ಕಡಿತಗಳಿಗೆ ಅದು ಉತ್ತರ. ಪರಸ್ಪರ ಅಪನಂಬಿಕೆಗೆ ಅರ್ಧ ಉತ್ತರ.

ತಿಪಟೂರಿನ ಕೊಬ್ಬರಿ ಚೈನ್‌ಗೆ ಏರಿದರೆ

ಕೋಲಾರದ ಟೊಮೆಟೊ, ಶಿಡ್ಲಘಟ್ಟದ ರೇಷ್ಮೆಗೂಡು, ತಿಪಟೂರಿನ ಕೊಬ್ಬರಿ: ಈ ಭಾಗದ ವಿದ್ಯಾರ್ಥಿಗಳಿಗೆ ಬ್ಲಾಕ್‌ಚೈನ್ ಪ್ರಾಜೆಕ್ಟ್ ಎಂದೊಡನೆ ಇವು ಹೊಳೆಯುವುದು ಸಹಜ. ಆಯ್ಕೆಯೂ ಸರಿಯೇ. ಕೊಬ್ಬರಿಯಲ್ಲಿ ರೈತ, ದಲ್ಲಾಳಿ, ಎಪಿಎಂಸಿ, ಬೆಂಬಲ ಬೆಲೆಯಲ್ಲಿ ಖರೀದಿಸುವಾಗ ನಾಫೆಡ್, ಹೀಗೆ ಹಿತಾಸಕ್ತಿ ಬೇರೆಬೇರೆ ಇರುವ ಹಲವರಿದ್ದಾರೆ. ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿದ ವರ್ಷ ಯಾರ ಕೊಬ್ಬರಿ, ಎಷ್ಟು ತೂಕ, ಯಾವ ದಿನ ನೋಂದಣಿ ಎಂಬ ಪ್ರತಿ ಅಂಕಿಯೂ ಹಣವೇ.

ಆದರೆ ತೂಕದ ಯಂತ್ರದ ಮುಂದೆ ಕುಳಿತವರು 48 ಕೆ.ಜಿ.ಯನ್ನು 45 ಎಂದು ಒತ್ತಿದರೆ ಚೈನ್ ಆ 45ನ್ನೇ ಶಾಶ್ವತವಾಗಿ ಕಾಯುತ್ತದೆ. ನಮೂದಾದ ಮೇಲಿನ ತಿದ್ದುಪಡಿಯನ್ನು ಅದು ತಡೆಯುತ್ತದೆ, ನಮೂದಿನಲ್ಲೇ ಆದ ಮೋಸವನ್ನಲ್ಲ. ಪ್ರದರ್ಶನದಲ್ಲಿ ರೈತನೂ ದಲ್ಲಾಳಿಯೂ ಅಧಿಕಾರಿಯೂ ಒಬ್ಬನೇ ವಿದ್ಯಾರ್ಥಿ ಆಗಿರುವುದರಿಂದ ಈ ಕೊರತೆ ಕಾಣುವುದೇ ಇಲ್ಲ.

ಇಂಥ ಪ್ರಾಜೆಕ್ಟ್‌ಗಳು ಮೆಚ್ಚುಗೆ ಪಡೆದು ಇಲಾಖೆಯ ಮೇಜಿಗೆ ಹೋದಾಗ ಪರಿಣಾಮ ಎರಡರಲ್ಲಿ ಒಂದು. ಎಲ್ಲ ನೋಡ್‌ಗಳೂ ಒಂದೇ ಕಚೇರಿಯ ಒಂದೇ ಸರ್ವರ್‌ನಲ್ಲಿ ಏರುತ್ತವೆ. ಆಗ ಅದು ದುಬಾರಿ ಡೇಟಾಬೇಸ್ ಅಷ್ಟೆ. ಅದಕ್ಕಿಂತ ಸಾದಾ ಡೇಟಾಬೇಸ್, ಸರಿಯಾದ ಬ್ಯಾಕಪ್ ಮತ್ತು ಪ್ರತಿ ತಿದ್ದುಪಡಿಯ ದಾಖಲೆ ಮೇಲು. ಇಲ್ಲವೇ ನೋಡ್‌ಗಳು ನಿಜವಾಗಿಯೂ ಎಪಿಎಂಸಿಯಲ್ಲೊಂದು, ರೈತರ ಸಹಕಾರ ಸಂಘದಲ್ಲೊಂದು, ಖರೀದಿ ಸಂಸ್ಥೆಯಲ್ಲೊಂದು ಎಂದು ಹಂಚಿಕೆಯಾಗುತ್ತವೆ. ಆಗ ಮಾತ್ರ ಬ್ಲಾಕ್‌ಚೈನ್‌ಗೆ ಕೆಲಸವಿದೆ, ಖರ್ಚು ಕಾಣಿಸಿಕೊಳ್ಳುವುದೂ ಆಗಲೇ.

ಉದಾಹರಣೆಗೆ ಸರ್ಟಿಫಿಕೇಟ್. ಫ್ಯಾಬ್ರಿಕ್‌ನ ಮಾದರಿ ಜಾಲ ಕ್ರಿಪ್ಟೊಜೆನ್ ಎಂಬ ಉಪಕರಣದಿಂದ ಹತ್ತು ವರ್ಷ ಬಾಳುವ ಸರ್ಟಿಫಿಕೇಟ್‌ಗಳನ್ನು ಒಂದೇ ಏಟಿಗೆ ಹುಟ್ಟಿಸಿಕೊಳ್ಳುತ್ತದೆ, ವಿದ್ಯಾರ್ಥಿಗೆ ಅದರ ಸುಳಿವೂ ಇರುವುದಿಲ್ಲ. ನಿಜವಾದ ಜಾಲದಲ್ಲಿ ಪ್ರತಿ ಸಂಸ್ಥೆಯೂ ತನ್ನದೇ ಸರ್ಟಿಫಿಕೇಟ್ ಸರ್ವರ್ ನಡೆಸಬೇಕು, ಮತ್ತು ಬದಲಿಸದೆ ಬಿಟ್ಟರೆ ಅದು ಕೊಡುವ ಸರ್ಟಿಫಿಕೇಟ್‌ನ ಅವಧಿ ಒಂದು ವರ್ಷ. ಅವಧಿ ಮುಗಿದ ನೋಡ್‌ನ ಮಾತನ್ನು ಉಳಿದವು ಕೇಳುವುದಿಲ್ಲ. ಸಹಕಾರ ಸಂಘದ ಕಾರ್ಯದರ್ಶಿ ವರ್ಷಕ್ಕೊಮ್ಮೆ ಅದನ್ನು ನವೀಕರಿಸುತ್ತಾರೆಯೇ, ಅಥವಾ ಪಾಸ್‌ವರ್ಡ್ ಸಮೇತ ಕೆಲಸವನ್ನು ಎಪಿಎಂಸಿಯ ಕಂಪ್ಯೂಟರ್ ವಿಭಾಗಕ್ಕೆ ಒಪ್ಪಿಸಿಬಿಡುತ್ತಾರೆಯೇ? ಒಪ್ಪಿಸಿದರೆ ಕಾಗದದ ಮೇಲೆ ಮೂರು ಸಂಸ್ಥೆಗಳಿದ್ದರೂ ಕೀಗಳೆಲ್ಲ ಮತ್ತೆ ಒಬ್ಬರ ಫೋಲ್ಡರ್‌ಗೆ ಬಂದಂತಾಯಿತು. ಮೌಲ್ಯಮಾಪನಕ್ಕೆ ಕುಳಿತವರು ಪರದೆಯ ಮೇಲಿನ ಹಸಿರು ಗುರುತುಗಳನ್ನು ನೋಡುವ ಮುನ್ನ ಕೇಳಬೇಕಾದದ್ದು ಇದನ್ನು: ಎರಡನೆಯ ನೋಡ್ ಯಾರ ಕಟ್ಟಡದಲ್ಲಿರುತ್ತದೆ, ಅದರ ಕೀ ಯಾರ ಬಳಿ ಇರುತ್ತದೆ, ಅದರ ಖರ್ಚು ಯಾರ ಬಜೆಟ್‌ನಲ್ಲಿದೆ?